ಹೆಬ್ಬೆಟ್ಟಿನಿಂದ ಸಹಿಯವರೆಗೆ: ವಯಸ್ಕರ ಸಾಕ್ಷರತೆ ಮತ್ತು ಸ್ವಯಂಸೇವಕರು

ಶಾಲೆ ಕೈತಪ್ಪಿದ, 15 ವರ್ಷ ದಾಟಿದವರಿಗೆ ಓದು, ಬರಹ ಮತ್ತು ಲೆಕ್ಕ ಕಲಿಸುವುದೇ ವಯಸ್ಕರ ಸಾಕ್ಷರತಾ ಕಾರ್ಯಕ್ರಮ. ಇದರ ಬೆನ್ನೆಲುಬು ಸಂಬಳದ ಮಾಷ್ಟ್ರುಗಳಲ್ಲ, ಊರಿನ ಸ್ವಯಂಸೇವಕರು.

ಹಿನ್ನೆಲೆ

ಕೇಂದ್ರ ಸರ್ಕಾರ 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭಿಸಿತು. ಕೇರಳದ ಎರ್ನಾಕುಳಂನಲ್ಲಿ ಜಿಲ್ಲಾಡಳಿತ ಮತ್ತು ಶಾಸ್ತ್ರ ಸಾಹಿತ್ಯ ಪರಿಷತ್ತು ಸೇರಿ ಸ್ವಯಂಸೇವಕರನ್ನು ಮನೆಮನೆಗೆ ಕಳುಹಿಸಿದವು. 1990ರ ಫೆಬ್ರವರಿ 4ರಂದು ಅದು ಸಂಪೂರ್ಣ ಸಾಕ್ಷರ ಜಿಲ್ಲೆಯಾಯಿತು. 1991ರ ಏಪ್ರಿಲ್ 18ರಂದು ಕೋಝಿಕ್ಕೋಡಿನಲ್ಲಿ ಕೇರಳವನ್ನು ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಿಸಿದ್ದು ಮಲಪ್ಪುರಂನ ಚೇಲಕ್ಕೋಡನ್ ಆಯಿಷಾ. ಆಗಷ್ಟೇ ಅಕ್ಷರ ಕಲಿತಿದ್ದ ಮಹಿಳೆ ಅವರು. 2018ರಲ್ಲಿ ಆಲಪ್ಪುಳದ 96 ವರ್ಷದ ಕಾರ್ತ್ಯಾಯನಿ ಅಮ್ಮ ಸಾಕ್ಷರತಾ ಪರೀಕ್ಷೆಯಲ್ಲಿ 100ಕ್ಕೆ 98 ಅಂಕ ಪಡೆದರು. 'ಈ ಪ್ರಾಯದಲ್ಲಿ ಇನ್ನೇನು ಕಲಿಯೋದು' ಅನ್ನುವವರಿಗೆ ಇಷ್ಟು ಸಾಕು.

ಈಗಿನ ಯೋಜನೆ

2022ರಿಂದ 2027ರವರೆಗಿನ 'ಉಲ್ಲಾಸ್' ಯೋಜನೆಯೂ ಸ್ವಯಂಸೇವಕರನ್ನೇ ನಂಬಿದೆ. ಕಾಲೇಜು ವಿದ್ಯಾರ್ಥಿಗಳು, ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತರು ಕಲಿಸಬಹುದು. ಕೊನೆಯ ಪರೀಕ್ಷೆ 150 ಅಂಕಗಳದ್ದು: ಓದು, ಬರಹ, ಲೆಕ್ಕಕ್ಕೆ ತಲಾ 50. ಕೇರಳದಲ್ಲಿ ಮುಂದೆ ಓದುವವರಿಗೆ ರಾಜ್ಯ ಸಾಕ್ಷರತಾ ಮಿಷನ್‌ನ 4, 7, 10ನೇ ತರಗತಿ ಮತ್ತು ಹೈಯರ್ ಸೆಕೆಂಡರಿ ತತ್ಸಮಾನ ಕೋರ್ಸುಗಳಿವೆ.

ನಮ್ಮ ಮನೆಗಳಲ್ಲಿ

ಕಾಸರಗೋಡಿನ ಬ್ಯಾರಿ ಮನೆಯಲ್ಲಿ ಮಾತು ಬ್ಯಾರಿ, ಮದ್ರಸದಲ್ಲಿ ಅರಬಿ, ಹೊರಗೆ ಕನ್ನಡ ಮತ್ತು ಮಲಯಾಳ. ಎಷ್ಟೋ ಉಮ್ಮಂದಿರು ಕುರ್‌ಆನ್ ನಿರರ್ಗಳವಾಗಿ ಓದುತ್ತಾರೆ. ಬ್ಯಾಂಕಿಗೆ ಹೋದರೆ ಮಾತ್ರ ಹೆಬ್ಬೆಟ್ಟು. ಇವರನ್ನು 'ಏನೂ ಗೊತ್ತಿಲ್ಲದವರು' ಅನ್ನುವುದು ಸರಿಯಲ್ಲ. ಅಕ್ಷರ ನೋಡಿ ಧ್ವನಿ ಹೊರಡಿಸುವ ವಿದ್ಯೆ ಅವರಲ್ಲಿ ಆಗಲೇ ಇದೆ. ಲಿಪಿಯೊಂದು ಬದಲಾಗಬೇಕು, ಅಷ್ಟೇ.

ಕಲಿಸುವವರು ಇದನ್ನೇ ಬಂಡವಾಳ ಮಾಡಿಕೊಳ್ಳಬೇಕು. ಫತಹ್, ಕಸ್ರ್, ಳಮ್ಮ್ ಸೇರಿದಾಗ ಅರಬಿ ಅಕ್ಷರದ ಸ್ವರ ಬದಲಾಗುವ ಹಾಗೆಯೇ ಕ, ಕಿ, ಕು ಆಗುತ್ತದೆ ಎಂದರೆ ಕಾಗುಣಿತ ಬೇಗ ತಲೆಗೆ ಹೋಗುತ್ತದೆ. ಅರಬಿ ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ ಎಂಬುದನ್ನು ಮೊದಲ ದಿನವೇ ಬೆರಳಿಟ್ಟು ತೋರಿಸಿ.

ಸ್ವಯಂಸೇವಕರಿಗೆ

- ನಾಲ್ಕೈದು ಜನರ ಗುಂಪು ಸಾಕು. ಅಡುಗೆ, ಬೀಡಿ ಕೆಲಸ ಮುಗಿಯುವ ಸಮಯವನ್ನು ಅವರೇ ಹೇಳಲಿ.
- 'ಅ, ಆ' ಗಿಂತ ಮೊದಲು ಅವರ ಸ್ವಂತ ಹೆಸರು ಬರೆಸಿ.
- ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಪಾಸ್‌ಬುಕ್ಕುಗಳೇ ಪಾಠವಾಗಲಿ.
- ಅಂಗಡಿ ಲೆಕ್ಕ ಬಾಯಲ್ಲಿ ಮಾಡುವವರಿಗೆ ಲೆಕ್ಕ ಹೊಸತಲ್ಲ. ಅಂಕಿ ಬರೆಯಲು ಕಲಿಸಿ.
- ತಪ್ಪಿದರೆ ನಗಬೇಡಿ, ಮೊಮ್ಮಕ್ಕಳ ಎದುರು ತಿದ್ದಬೇಡಿ. ನಾಚಿಕೆಯಾದರೆ ಮರುದಿನ ಬರುವುದಿಲ್ಲ.

ಯಾಕೆ ಮುಖ್ಯ?

ಓದಲು ಬಾರದವರು ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಅದು ಸಾಲದ ಪತ್ರವೋ, ಜಾಗದ ಪತ್ರವೋ ಎಂದು ಬೇರೆಯವರು ಹೇಳಿದ್ದನ್ನೇ ನಂಬಬೇಕು. ಓಟಿಪಿ ಓದಿಸಲು ಫೋನನ್ನೇ ಕೊಡಬೇಕು. ಅಕ್ಷರ ಕಲಿತರೆ ತಮ್ಮ ಹಣ, ತಮ್ಮ ಹಕ್ಕು ತಮ್ಮ ಕೈಯಲ್ಲೇ ಉಳಿಯುತ್ತದೆ. ಕಲಿಯುವ ಅಥವಾ ಕಲಿಸುವ ಮನಸ್ಸಿದ್ದವರು ಪಂಚಾಯತ್ ಕಚೇರಿಯಲ್ಲಿ ಸಾಕ್ಷರತಾ ಪ್ರೇರಕರ ಬಗ್ಗೆ ವಿಚಾರಿಸಬಹುದು.