ದೇಗಾಂವ ಮತ್ತು ನೆರೆಯ ಊರುಗಳು

ದೇಗಾಂವವು ಬೆಳಗಾವಿ ಜಿಲ್ಲೆಯ ಕಿತ್ತೂರು ಪಟ್ಟಣಕ್ಕೆ ಸಮೀಪದಲ್ಲಿರುವ ಒಂದು ಚಿಕ್ಕ ಗ್ರಾಮ. ಬ್ರಿಟಿಷರ ಆಡಳಿತದಲ್ಲಿ ಸಂಪಗಾಂವ ತಾಲ್ಲೂಕಿಗೂ ಅನಂತರ ಬೈಲಹೊಂಗಲ ತಾಲ್ಲೂಕಿಗೂ ಸೇರಿದ್ದ ಈ ಗ್ರಾಮವು ಈಗ ಕಿತ್ತೂರು ತಾಲ್ಲೂಕಿನಲ್ಲಿದೆ. ಶಾಸನಗಳಲ್ಲಿ ಇದರ ಹೆಸರು ದೇಗಾಂವೆ.

ಹನ್ನೆರಡನೆಯ ಶತಮಾನದಲ್ಲಿ ಈ ಪ್ರದೇಶವು ಗೋವೆಯ ಕದಂಬರ ಆಳ್ವಿಕೆಗೆ ಒಳಪಟ್ಟಿತ್ತು. ಇಲ್ಲಿನ ಕಮಲನಾರಾಯಣ ದೇವಾಲಯವನ್ನು ಶಿವಚಿತ್ತ ಪೆರ್ಮಾಡಿಯ ಪಟ್ಟದರಸಿ ಕಮಲಾದೇವಿಯು ಕಟ್ಟಿಸಿದಳು. ನಿರ್ಮಿಸಿದ ಶಿಲ್ಪಿ ತಿಪ್ಪೋಜ. ರಾಣಿಯ ಹೆಸರೇ ದೇವರ ಹೆಸರಿನಲ್ಲಿ ಉಳಿದಿರುವುದು ವಿಶೇಷ. ದೇವಾಲಯದಲ್ಲಿ ಮೂರು ಗರ್ಭಗೃಹಗಳಿದ್ದು, ಒಂದರಲ್ಲಿ ನಾರಾಯಣ, ಮತ್ತೊಂದರಲ್ಲಿ ತೊಡೆಯ ಮೇಲೆ ಲಕ್ಷ್ಮಿಯನ್ನು ಕುಳ್ಳಿರಿಸಿಕೊಂಡ ಲಕ್ಷ್ಮೀನಾರಾಯಣ, ಇನ್ನೊಂದರಲ್ಲಿ ಕಮಲಾದೇವಿಯ ವಿಗ್ರಹಗಳಿವೆ. ರಾಣಿಯ ಕೋರಿಕೆಯಂತೆ ಊರನ್ನು ಬ್ರಾಹ್ಮಣರಿಗೆ ಅಗ್ರಹಾರವಾಗಿ ದತ್ತಿ ನೀಡಿದ ಸಂಗತಿಯನ್ನು 1174ರ ಶಾಸನವು ತಿಳಿಸುತ್ತದೆ. ಇಲ್ಲಿನ ಶಾಸನಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜೆ. ಎಫ್. ಫ್ಲೀಟ್ ಅವರು ಓದಿ ಪ್ರಕಟಿಸಿದರು.

ದೇಗಾಂವಕ್ಕೂ ಕಿತ್ತೂರಿಗೂ ಇದ್ದ ಸಂಬಂಧವನ್ನು ತಿಳಿಯಲು ಕಿತ್ತೂರಿನ 1188ರ ಶಾಸನವನ್ನು ನೋಡಬೇಕು. ಮೂರನೆಯ ಜಯಕೇಶಿಯ ಕಾಲದ ಈ ಶಾಸನದಲ್ಲಿ ಒಂದು ಹೊಲದ ವ್ಯಾಜ್ಯವು ದಾಖಲಾಗಿದೆ. ಕಿತ್ತೂರಿನ ಕಲ್ಲೇಶ್ವರ ದೇವಾಲಯದ ಆಚಾರ್ಯ ಶಿವಶಕ್ತಿ ಒಂದು ಕಡೆ, ದೇಗಾಂವೆಯ ಮೂಲಸ್ಥಾನದೇವರ ಆಚಾರ್ಯ ಕಲ್ಯಾಣಶಕ್ತಿ ಇನ್ನೊಂದು ಕಡೆ. ಇಬ್ಬರೂ ಹೊಲವು ತಮ್ಮ ದೇವರದೆಂದು ವಾದಿಸಿದ್ದರಿಂದ ವಿವಾದವು ಫಾಲದಿವ್ಯಕ್ಕೆ ಹೋಯಿತು. ಕಾದ ನೇಗಿಲ ಗುಳವನ್ನು ಕೈಯಲ್ಲಿ ಹಿಡಿದು ಪ್ರಮಾಣ ಮಾಡುವುದು, ಬಳಿಕ ಅಂಗೈಯನ್ನು ಪರೀಕ್ಷಿಸಿ ಸತ್ಯಾಸತ್ಯವನ್ನು ನಿರ್ಣಯಿಸುವುದು ಈ ದಿವ್ಯದ ಕ್ರಮ. ಸಾಕ್ಷಿಪತ್ರಗಳಿಂದ ತೀರದ ವ್ಯಾಜ್ಯಗಳಿಗೆ ಅಂದು ಇಂತಹ ದಿವ್ಯಗಳೇ ಕೊನೆಯ ಉಪಾಯ. ಉಳುವ ನೆಲದ ಜಗಳಕ್ಕೆ ಉಳುವ ಸಾಧನವನ್ನೇ ಸಾಕ್ಷಿಯಾಗಿಸಿದ್ದು ಗಮನಾರ್ಹ. ಅಂದು ದೇಗಾಂವೆಯು ಕಿತ್ತೂರಿಗೆ ಸರಿಸಮನಾಗಿ ನಿಂತು ವಾದಿಸಬಲ್ಲ ಊರಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮುಂದೆ ಕಿತ್ತೂರು ದೇಸಾಯಿಗಳ ಸಂಸ್ಥಾನದ ರಾಜಧಾನಿಯಾಗಿ ಬೆಳೆಯಿತು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಹತನಾದ ಕದನವು ಅಲ್ಲಿಯೇ ನಡೆಯಿತು. ರಾಣಿ ಚನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ನಿಧನ ಹೊಂದಿದ ಬೈಲಹೊಂಗಲ, ರಾಯಣ್ಣನ ಹುಟ್ಟೂರಾದ ಸಂಗೊಳ್ಳಿ, ಅವನ ಪಡೆಯು ಸರಕಾರಿ ಕಚೇರಿಯ ಮೇಲೆ ದಾಳಿ ಮಾಡಿದ ಸಂಪಗಾಂವ, ಇವೆಲ್ಲ ಇದೇ ಸೀಮೆಯ ಊರುಗಳು. ದೇಗಾಂವ ಮಾತ್ರ ಈ ಇತಿಹಾಸದ ಅಂಚಿನಲ್ಲಿ ಉಳಿಯಿತು. ಕೋಟೆಯನ್ನು ನೋಡಲು ಬರುವವರಲ್ಲಿ ಅನೇಕರು ಇಲ್ಲಿಗೆ ಬಾರದೆ ಮರಳುತ್ತಾರೆ.

ಬೆಳಗಾವಿ ಮತ್ತು ಧಾರವಾಡಗಳ ನಡುವಣ ಹೆದ್ದಾರಿಯಿಂದ ಕಿತ್ತೂರಿಗೆ ಬಂದು, ಅಲ್ಲಿಂದ ದೇಗಾಂವವನ್ನು ತಲುಪಬಹುದು. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿಯೂ ಪೆರ್ಮಾಡಿಯ ಕಾಲದ ಶಾಸನವಿದ್ದು, ಆಸಕ್ತರು ಎರಡೂ ಸ್ಥಳಗಳನ್ನು ಒಟ್ಟಿಗೆ ನೋಡಬಹುದು.