ಕ್ಯಾಸನೂರು ಕಾಡು ಮತ್ತು ಪುಣೆಯ ಪ್ರಯೋಗಶಾಲೆ

ಪುಣೆಗೂ ಕನ್ನಡ ನಾಡಿಗೂ ಉಳ್ಳ ಸಂಬಂಧದ ಮಾತು ಬಂದಾಗ ಶಾಸನಗಳನ್ನೂ ಪೇಶ್ವೆಯರ ದಂಡಯಾತ್ರೆಗಳನ್ನೂ ಸ್ಮರಿಸುವುದು ನಮ್ಮಲ್ಲಿ ವಾಡಿಕೆ. ವಿಜ್ಞಾನದ ಇತಿಹಾಸದಲ್ಲಿಯೂ ಈ ಎರಡು ನೆಲಗಳನ್ನು ಬೆಸೆದ ಪ್ರಕರಣವೊಂದುಂಟು. ಸೊರಬ ತಾಲ್ಲೂಕಿನ ಒಂದು ಕಾಡಿನ ಹೆಸರು ಲೋಕದ ವೈದ್ಯಗ್ರಂಥಗಳನ್ನು ಸೇರಿದುದು ಈ ನಗರದಲ್ಲಿ ನಡೆದ ಸಂಶೋಧನೆಯ ಮೂಲಕ. ಅದನ್ನು ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಒಡಗೂಡಿ 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದವು. ಸೊಳ್ಳೆ, ಉಣುಗು ಮೊದಲಾದ ರಕ್ತ ಹೀರುವ ಜೀವಿಗಳಿಂದ ಹರಡುವ ವೈರಸ್‌ಗಳ ಅಧ್ಯಯನವೇ ಅದರ ಮೊದಲ ಗುರಿ. 1978ರಿಂದ ಅದು ರಾಷ್ಟ್ರೀಯ ವೈರಸ್ ವಿಜ್ಞಾನ ಸಂಸ್ಥೆಯೆಂದು ಹೆಸರಾಗಿದೆ.

1957ರಲ್ಲಿ, ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ಮುಸುವಗಳೂ ಮಂಗಗಳೂ ಸಾಯುತ್ತಿವೆಯೆಂಬ, ಸುತ್ತಣ ಹಳ್ಳಿಗಳಲ್ಲಿ ಜನರು ತೀವ್ರ ಜ್ವರದಿಂದ ನರಳುತ್ತಿದ್ದಾರೆಂಬ ವರ್ತಮಾನ ಪುಣೆಗೆ ಮುಟ್ಟಿತು. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಪೀತಜ್ವರ ಏಷ್ಯದಲ್ಲಿ ಎಂದೂ ಕಾಲಿಟ್ಟಿರಲಿಲ್ಲ. ಅದೇ ಬಂದಿತೇನೋ ಎಂಬ ಭಯ ಹುಟ್ಟಿತು. ಕೇಂದ್ರದ ನಿರ್ದೇಶಕರಾಗಿದ್ದ ಟೆಲ್‌ಫರ್ಡ್ ವರ್ಕ್, ಅವರ ಸಹೋದ್ಯೋಗಿ ಹೆರಾಲ್ಡ್ ಟ್ರಪೀಡೊ ಮೊದಲಾದವರು ಶೋಧನೆಯನ್ನು ಕೈಕೊಂಡರು. ಪ್ರತ್ಯೇಕಿಸಲಾದ ವೈರಸ್ ಪೀತಜ್ವರದ್ದಾಗಿರದೆ, ರಷ್ಯದಲ್ಲಿ ಮಿದುಳುಜ್ವರವನ್ನುಂಟುಮಾಡುವ, ಉಣುಗಿನಿಂದ ಹರಡುವ ವೈರಸ್ಸುಗಳ ಬಂಧುವೆಂದು ತಿಳಿದುಬಂದಿತು. ಕ್ಯಾಸನೂರು ಕಾಡಿನ ಹೆಸರೇ ರೋಗದ ಹೆಸರಾಯಿತು. ಜನರ ಬಾಯಲ್ಲಿ ಮಾತ್ರ ಅದು ‘ಮಂಗನ ಕಾಯಿಲೆ’.

ರಷ್ಯದ ರೋಗದ ಬಂಧು ಮಲೆನಾಡಿಗೆ ಬಂದುದು ಹೇಗೆ? ವಲಸೆ ಹಕ್ಕಿಗಳು ತಂದಿರಬಹುದೆಂಬ ಊಹೆಯಿಂದ, ಸಲೀಂ ಅಲಿಯವರ ನೇತೃತ್ವದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಪರಿಶೀಲಿಸುವ ಕಾರ್ಯವೂ ನಡೆಯಿತು. ಆ ಊಹೆ ಸಿದ್ಧವಾಗಲಿಲ್ಲ. ಉತ್ತರವನ್ನು ಕಾಡಿನ ಅಂಚಿನಲ್ಲಿಯೇ ಹುಡುಕಬೇಕಾಯಿತು. ಜಾರ್ಜ್ ಬಾಷೆಲ್, ಪಿ. ಕೆ. ರಾಜಗೋಪಾಲನ್ ಮೊದಲಾದವರು ವರ್ಷಗಟ್ಟಲೆ ಅಲ್ಲಿ ಉಣುಗು, ಇಲಿ, ಮಂಗಗಳ ಬೆನ್ನುಹತ್ತಿದರು. ಕಾಡು ಕಡಿದು ಗದ್ದೆ ಮಾಡಿ, ದನಗಳನ್ನು ಅಲ್ಲಿ ಮೇಯಲು ಬಿಟ್ಟುದರಿಂದ ಉಣುಗುಗಳು ಹೇರಳವಾಗಿ ಹೆಚ್ಚಿ, ಕಾಡಿನೊಳಗಿದ್ದ ವೈರಸ್ ಮನುಷ್ಯನ ದಾರಿಗೆ ಬಂದಿತೆಂದು ಬಾಷೆಲ್ 1969ರಲ್ಲಿ ಪ್ರತಿಪಾದಿಸಿದರು. ಮಂಗ ಸತ್ತು ಬಿದ್ದಾಗ ಅದರ ಮೈಮೇಲಣ ಉಣುಗುಗಳು ನೆಲಕ್ಕಿಳಿಯುತ್ತವೆ. ಮಳೆಗಾಲ ಕಳೆದ ಮೇಲೆ ದರಗು, ಸೌದೆಗಳಿಗಾಗಿ ಅಲ್ಲಿಗೆ ಹೋದವರಿಗೆ ಅವು ಕಚ್ಚುತ್ತವೆ. ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಬಡವನ ದುಡಿಮೆಯ ಋತುವೇ ರೋಗದ ಋತುವೂ ಆಗಿದೆ.

ವೈರಸ್ಸನ್ನು ಗುರುತಿಸಿದ್ದು ಶೀಘ್ರವಾಗಿ. ಅದನ್ನು ತಡೆಯುವ ಕೆಲಸ ಇನ್ನೂ ಮುಗಿದಿಲ್ಲ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಡೆ ಕಾಡು ಕಡಿದ ಬಳಿಕ ಭೀಕರ ಹಾವಳಿಯೆದ್ದು, ಸಾವಿರಕ್ಕೂ ಮಿಕ್ಕಿ ಜನರು ಕಾಯಿಲೆ ಬಿದ್ದರು. 1990ರಿಂದ ನೀಡಲಾಗುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು ಕಂಡುಬಂದು, 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಕ್ಯಾಸನೂರಿನಲ್ಲಿ ಕಂಡ ರೋಗ ವಯನಾಡು, ಗೋವೆ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ಕಾಣಿಸಿಕೊಂಡಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಮತ್ತೆ ಸಾವುಗಳನ್ನು ಕಂಡಿತು.

ಬ್ಯಾಂಕಿನ ಲೆಕ್ಕಪುಸ್ತಕದಲ್ಲಿ ದಿನ ಕಳೆಯುವ ನನಗೆ ಇದು ಇನ್ನೂ ಮುಗಿಯದ ಖಾತೆಯಾಗಿ ತೋರುತ್ತದೆ. ಒಂದು ವೈರಸ್ಸಿಗೆ ಹೆಸರಿಟ್ಟಲ್ಲಿಗೆ ವಿಜ್ಞಾನದ ಚರಿತ್ರೆ ಮುಗಿಯುವುದಿಲ್ಲ. ಆ ಜ್ಞಾನಕ್ಕೆ ಆಧಾರವಾದುದು ಮಲೆನಾಡಿನ ಜ್ವರಪೀಡಿತರ ರಕ್ತ ಮತ್ತು ಕಾಡಿನಲ್ಲಿ ಮಂಗ ಸತ್ತುದನ್ನು ಕಂಡು ತಿಳಿಸಿದವರ ಮಾತು. ಡಾ. ಅಂಬೇಡ್ಕರ್ ರಸ್ತೆಯಲ್ಲಿ ಆ ಸಂಸ್ಥೆಯ ಮುಂದೆ ಹಾದುಹೋಗುವಾಗ ಪುಣೆಯ ಕನ್ನಡಿಗರು ಈ ಋಣವನ್ನು ನೆನೆಯುವುದು ಉಚಿತ. ದರಗು ತರಲು ಕಾಡಿಗೆ ಹೋದ ಹೆಂಗಸು ನಿರ್ಭಯಳಾಗಿ ಮನೆಗೆ ಮರಳಬಲ್ಲ ದಿನ ಬಂದಾಗಲೇ ಅದು ತೀರುವುದು.