ಕಬ್ಬಿನ ಪರತಂತ್ರ ಕೀಟಗಳು: ಸಮೀಕ್ಷೆ ಮತ್ತು ವರ್ಗೀಕರಣದ ಇತಿಹಾಸ

ಕಬ್ಬಿನ ಪೀಡೆಗಳ ಮೇಲೆ ಬದುಕುವ ಪರತಂತ್ರ ಕೀಟಗಳಲ್ಲಿ ಬಹುಪಾಲು ಸಣ್ಣ ಕಣಜಗಳು, ಕೆಲವು ನೊಣಗಳು. ಇವುಗಳ ಮರಿ ಮತ್ತೊಂದು ಕೀಟದ ಮೊಟ್ಟೆಯಲ್ಲೋ ಮರಿಹುಳುವಿನಲ್ಲೋ ಬೆಳೆದು ಕೊನೆಗೆ ಅದನ್ನು ಕೊಲ್ಲುತ್ತದೆ. ತಲೆಹೇನಿನಂತಹ ಪರಾವಲಂಬಿಗಳು ಹಾಗೆ ಕೊಲ್ಲುವುದಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ನಾಟಿ ಕಬ್ಬು, ಕೂಳೆ ಕಬ್ಬು ಸೇರಿ ವರ್ಷವಿಡೀ ಹೊಲದಲ್ಲಿರುವುದರಿಂದ ಪೀಡೆಗೂ ಅದರ ಶತ್ರುವಿಗೂ ನೆಲೆ ತಪ್ಪುವುದಿಲ್ಲ.

ಸಮೀಕ್ಷೆಯ ಕ್ರಮ ಸರಳ, ಆದರೆ ನಿಧಾನ. ಗರಿಯ ಮೇಲಿನ ಕೊರಕದ ಮೊಟ್ಟೆಗುಂಪು, ಸುಳಿ ಒಣಗಿದ ಸಸಿಯೊಳಗಿನ ಹುಳು, ಸಸ್ಯಹೇನು ಹತ್ತಿದ ಎಲೆ ಇವನ್ನು ತಂದು ಬೇರೆ ಬೇರೆ ನಳಿಕೆಗಳಲ್ಲಿಟ್ಟು, ಹೊರಬರುವ ಕಣಜಕ್ಕಾಗಿ ಕಾಯಬೇಕು. ಬಲೆಗೆ ಸಿಕ್ಕ ಕಣಜ ಯಾವುದರೊಳಗೆ ಬೆಳೆದಿತ್ತೆಂದು ಬಲೆ ಹೇಳದು. ಕೊರಕದ ಮೊಟ್ಟೆಯೊಳಗೆ ಬೆಳೆಯುವ, ಅರ್ಧ ಮಿಲಿಮೀಟರಿನಷ್ಟಿರುವ ಟ್ರೈಕೋಗ್ರಾಮ ಕಣಜದ ಕುಟುಂಬವನ್ನು ಪಾದದ ಮೂರೇ ಖಂಡಗಳಿಂದ ಗುರುತಿಸಬಹುದು. ಪ್ರಭೇದವನ್ನು ಗುರುತಿಸುವುದೇ ಕಷ್ಟ.

ಮೈಸೂರು ಸಂಸ್ಥಾನದಲ್ಲಿ ಕಬ್ಬಿನ ಕೊರಕಗಳ ವಿರುದ್ಧ ಟ್ರೈಕೋಗ್ರಾಮವನ್ನು ಸಾಕಿ ಬಿಡುವ ಪ್ರಯೋಗಗಳ ಬಗ್ಗೆ ಟಿ. ವಿ. ಸುಬ್ರಹ್ಮಣ್ಯಂ 1937ರಲ್ಲಿ ಬರೆದರು. ಬಳಕೆ ಮೊದಲು ಬಂತು, ಸರಿಯಾದ ಹೆಸರು ಬರಲು ದಶಕಗಳೇ ಹಿಡಿದವು. ಭಾರತದ ಕಣಜವನ್ನು ಬಹುಕಾಲ ಟ್ರೈಕೋಗ್ರಾಮ ಆಸ್ಟ್ರೇಲಿಕಮ್ ಎಂದೇ ಕರೆಯಲಾಗಿತ್ತು. ಮೈಬಣ್ಣ ಬೆಳೆದ ಉಷ್ಣತೆಗೆ ತಕ್ಕಂತೆ ಬದಲಾಗುವುದರಿಂದ ಬಣ್ಣ ನಂಬಿ ಮಾಡಿದ ವಿಂಗಡಣೆ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ 1957ರಲ್ಲಿ ತೆರೆದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಕೇಂದ್ರದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ 1971ರಲ್ಲಿ ಗಂಡಿನ ಜನನಾಂಗದ ರಚನೆಯೇ ನೆಚ್ಚಬಹುದಾದ ಲಕ್ಷಣವೆಂದು ತೋರಿಸಿದರು. ಇದು ಈ ವಿಷಯದಲ್ಲಿ ಕರ್ನಾಟಕದ ಅತಿ ದೊಡ್ಡ ಕೊಡುಗೆ ಎನ್ನಬಹುದು. ನಡುವೆ ಕನ್‌ಫ್ಯೂಸಮ್ ಎಂಬ ಹೆಸರನ್ನೂ ಹೊತ್ತ ಈ ಪ್ರಭೇದ ಈಗ ಟ್ರೈಕೋಗ್ರಾಮ ಕೈಲೋನಿಸ್. ಅಕ್ಕಿ ಪತಂಗದ ಮೊಟ್ಟೆಗಳಲ್ಲಿ ಬೆಳೆಸಿ, ಟ್ರೈಕೋ ಕಾರ್ಡ್‌ಗಳಾಗಿ ರೈತರಿಗೆ ಕೊಡುವುದು ಇದನ್ನೇ. ಕೊರಕದ ಮರಿಹುಳುವಿನೊಳಗೆ ಬೆಳೆಯುವ ಕೊಟೇಸಿಯ ಫ್ಲೇವಿಪೆಸ್‌ನ ಕಥೆಯೂ ಇಂತಹುದೇ: ಕೀಟತಜ್ಞ ಕ್ಯಾಮೆರಾನ್ 1891ರಲ್ಲಿ ಕೊಟ್ಟ ಕುಲನಾಮ ಬಿಟ್ಟುಹೋಗಿ, ಅಪಾಂಟೆಲಿಸ್ ಎಂದಾಗಿ, 1981ರ ಪುನರ್ವಿಂಗಡಣೆಯ ನಂತರ ಮತ್ತೆ ಹಳೆಯ ಹೆಸರಿಗೇ ಮರಳಿತು.

2002ರಲ್ಲಿ ಮತ್ತೊಂದು ಪೀಡೆಯಾದ ಬಿಳಿ ಉಣ್ಣೆ ಹೇನು ನೆರೆಯ ಸಾಂಗ್ಲಿಯಲ್ಲಿ ಕಾಣಿಸಿ, ಅದೇ ವರ್ಷ ಬೆಳಗಾವಿ ಜಿಲ್ಲೆಯ ಕಬ್ಬಿಗೂ ಹಬ್ಬಿತು. ಅದರ ಅಂಟುಸ್ರಾವದ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗಳು ಕಪ್ಪಾದವು. ಹೇನಿನ ಶತ್ರುಗಳ ಹುಡುಕಾಟದಲ್ಲಿ ಇಲ್ಲಿ ಮುಖ್ಯವಾಗಿ ಸಿಕ್ಕವು ಡೈಫಾ ಪತಂಗದ ಮರಿಹುಳು ಮತ್ತು ಮೈಕ್ರೋಮಸ್ ಎಂಬ ಕೀಟ. ಇವೆರಡೂ ಪರಭಕ್ಷಕಗಳೇ ಹೊರತು ಪರತಂತ್ರ ಜೀವಿಗಳಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಮೈಕ್ರೋಮಸ್‌ನ ಸಾಮೂಹಿಕ ಸಾಕಣೆಯ ಮೇಲೆ ಕೆಲಸ ಮಾಡಿತು. ನಿಜವಾದ ಪರತಂತ್ರ ಕಣಜ ಎನ್‌ಕಾರ್ಸಿಯ ಫ್ಲೇವೊಸ್ಕುಟೆಲಮ್ ಈಶಾನ್ಯ ಭಾರತದಲ್ಲಿತ್ತು. ಜಾವಾದ ಕಬ್ಬಿನಲ್ಲಿ ಈ ಹೇನನ್ನೂ ಕಣಜವನ್ನೂ ಮೊದಲು ವರ್ಣಿಸಿದವರು ಕೀಟತಜ್ಞ ಜೆಂಟ್ನರ್ ಒಬ್ಬರೇ. ಕಣಜವನ್ನು ಅಸ್ಸಾಮಿನಿಂದ ತಂದು ಕರ್ನಾಟಕದ ಹೊಲಗಳಲ್ಲಿ ಬಿಡಲಾಯಿತು.

ಬೆಂಗಳೂರಿನಲ್ಲಿ 1993ರಲ್ಲಿ ಆರಂಭವಾದ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯ ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. ದೇಶದ ಪರತಂತ್ರ ಕಣಜಗಳ ಮಾದರಿ ಸಂಗ್ರಹ ಅಲ್ಲಿದೆ, ಡಿಎನ್‌ಎ ಬಾರ್‌ಕೋಡ್‌ನಿಂದ ಗುರುತಿಸುವ ಕೆಲಸವೂ ನಡೆಯುತ್ತದೆ. ಹೊಲದಲ್ಲಿ ಮಾತ್ರ ಕೊಯ್ಲಾದ ಮೇಲೆ ರವದಿ ಸುಡುವ ರೂಢಿ ಹುಳುವಿನೊಂದಿಗೆ ಅದರೊಳಗಿನ ಕಣಜವನ್ನೂ ನಾಶಮಾಡುತ್ತದೆ.